ಮಾವನ ಎದುರೋದು

ಕಾರು ನಿಫಾಡದ ಹತ್ತಿರ ದ್ರಾಕ್ಷಿ ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಉಳಿಯಬಹುದಿತ್ತು. ಯೇವಲೆಯಲ್ಲಿ ಟೈರು ಹೋಗಬಹುದಿತ್ತು. ಹೋದರೆ ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿರಬಹುದಿತ್ತು. ಮಾವ ಬಿಪಿ ಗುಳಿಗೆ ಮರೆಯಬಹುದಿತ್ತು, ಅಥವಾ ಮರೆತೆನೇನೋ ಎಂದುಕೊಂಡು ಎರಡೆರಡು ನುಂಗಬಹುದಿತ್ತು. ಸಂಭಾಜಿನಗರದಲ್ಲಿ ನಾವು ನೋಡಹೊರಟ ಮನುಷ್ಯ ಬಾಗಿಲು ತೆರೆಯದಿರಬಹುದಿತ್ತು, ತೆರೆದು ಮುಚ್ಚಬಹುದಿತ್ತು, ಮುಚ್ಚುವಾಗ ಮಾವನ ಬೆರಳು ನಡುವೆ ಸಿಗಬಹುದಿತ್ತು. ಆತನ ಹೆಂಡತಿ ಲಟ್ಟಣಿಗೆ ಹಿಡಿದು ಬರಬಹುದಿತ್ತು. ಕೇಳುತ್ತ ಕೇಳುತ್ತ ಆತನ ಎದೆ ನಿಲ್ಲಬಹುದಿತ್ತು. ಓದುತ್ತ ಓದುತ್ತ ಮಾವನ ಎದೆ ನಿಲ್ಲಬಹುದಿತ್ತು. ಎರಡೂ ಒಟ್ಟಿಗೆ ನಿಂತರೆ ಯಾರನ್ನು ಮೊದಲು ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನೂ ನಾನು ಹಿಂದಿನ ದಿನವೇ ಯೋಚಿಸಿ ಇಟ್ಟಿದ್ದೆ. (ಮಾವನನ್ನೇ. ಅತ್ತೆಗೆ ಉತ್ತರ ಕೊಡಬೇಕಾದವನು ನಾನು.)

ನಾನು ನಾಸಿಕದ ಸಾತಪುರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ಒಂದು ನಟ್ಟು ಕಡಿಮೆಯಾದರೆ ಇಡೀ ಯಂತ್ರ ನಿಂತೀತು ಎಂದು ಹೆದರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ; ಸಂಬಳವಿಲ್ಲದ ವೇಳೆಯಲ್ಲಿಯೂ ಅದೇ ಕೆಲಸವನ್ನು ನಾನು ನಿಷ್ಠೆಯಿಂದ ಮುಂದುವರಿಸುತ್ತೇನೆ. ಆದರೆ ಈ ಸಲದ ಹೆದರಿಕೆಗೆ ಕಾರಣ ನನ್ನ ಸ್ವಭಾವವಲ್ಲ. ಕಾರಣ ನಮ್ಮ ಸೋದರಮಾವ. ಬೈಗುಳವನ್ನು ಮನೆಬಾಗಿಲಿಗೆ ಮುಟ್ಟಿಸುವ ವಿಮರ್ಶಕ ಈ ಭೂಮಿಯ ಮೇಲೆ ಅವರೊಬ್ಬರೇ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ!

ಮಾವ ಭಾಲ್ಕಿಯ ಕಡೆಯವರು. ಇಪ್ಪತ್ತೊಂದನೆಯ ವಯಸ್ಸಿಗೆ ಸೈನ್ಯದ ಠಾಣ್ಯವಿರುವ ದೇವಳಾಲಿ ಕ್ಯಾಂಪಿನ ರೈಲ್ವೆ ಸ್ಟೇಷನ್ನಿಗೆ ಪಾರ್ಸಲ್ ಗುಮಾಸ್ತರಾಗಿ ಬಂದರು. ಸಿಪಾಯಿಗಳ ಕಬ್ಬಿಣದ ಟ್ರಂಕುಗಳನ್ನು ತೂಗಿ, ಚೀಟಿ ಅಂಟಿಸಿ, ಗಾಡಿಗೆ ಏರಿಸುವುದು ಅವರ ಕೆಲಸ. ಅವರು ಅಷ್ಟಕ್ಕೇ ನಿಲ್ಲಬೇಕಲ್ಲ? ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ನೋಡಿ, "ಜವಾನ್‌ಸಾಹೇಬ್, ಅಕ್ಷರದಾಗ ಶಿಸ್ತದ, ಆದ್ರ ಬಲಕ್ಕ ವಾಲ್ಯಾವ. ನಿಮಗ ಊರು ಯಾವ ದಿಕ್ಕಿಗದ?" ಎಂದು ಹರಕುಮುರುಕು ಹಿಂದಿಯಲ್ಲಿ ಕೇಳುತ್ತಿದ್ದರಂತೆ. ರಜೆಗೆಂದು ಊರಿಗೆ ಹೊರಟ ಸಿಪಾಯಿ ಗಾಡಿ ಬಿಟ್ಟು ಅವರ ಮುಂದೆ ಕೂತು ಊರಿನ ಸುದ್ದಿ ಹೇಳುತ್ತಿದ್ದನಂತೆ. ಹೀಗೆ ಎಷ್ಟು ಜನ ಗಾಡಿ ತಪ್ಪಿಸಿಕೊಂಡರೋ! ಗಡಿಯಲ್ಲಿ ದೇಶ ಹೇಗೆ ಉಳಿಯಿತೋ!

ಆಮೇಲೆ ಅವರು ಪತ್ರಿಕೆ ಆರಂಭಿಸಿದರು. ನಾಸಿಕದಲ್ಲಿ ಕನ್ನಡ ತ್ರೈಮಾಸಿಕ. ಬೀದರ ಕಲಬುರಗಿಗಳಿಂದ ಬಂದ ವ್ಯಾಪಾರಿಗಳು, ಕಚೇರಿಗಳ ನೌಕರರು, ಕಟ್ಟಡದ ಕೆಲಸದವರು, ಇವರು ಹಾಡಿದ್ದು ಆಡಿದ್ದು ಕುಣಿದದ್ದು ಯಾವುದೂ ಬರಹಕ್ಕೆ ಸಿಗದೆ ಹೋಗಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಎಡವಟ್ಟು ಇದ್ದದ್ದು ಎರಡನೆಯ ಪುಟದ ಕೆಳಗಿನ ಒಂದು ಸಾಲಿನಲ್ಲಿ: 'ಈ ಸಂಚಿಕೆಯ ಪ್ರತಿಯೊಂದು ವಿಮರ್ಶೆಯನ್ನೂ ಸಂಬಂಧಪಟ್ಟವರ ಎದುರು ಓದಲಾಗಿದೆ.'

ಹೌದು, ಓದಲಾಗಿದೆ! ಅಚ್ಚಿಗೆ ಹೋಗುವ ಮೊದಲು ಮಾವ ಕೈಬರಹದ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು, ಯಾರನ್ನು ಬೈದಿದ್ದಾರೋ ಅವರ ಮನೆಗೆ ಹೋಗುತ್ತಾರೆ. ಎದುರಿಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಅವರು ಏನಾದರೂ ಅಂದರೆ ಅದನ್ನೂ ಬರೆದುಕೊಂಡು ಕೆಳಗೆ ಅಚ್ಚು ಹಾಕುತ್ತಾರೆ. ಬರೆದದ್ದರಲ್ಲಿ ಒಂದು ಅಕ್ಷರವನ್ನೂ ತಿದ್ದುವುದಿಲ್ಲ. ಮನೆಯಲ್ಲಿ ನಾವು ಇದಕ್ಕೆ 'ಎದುರೋದು' ಎಂದು ಹೆಸರಿಟ್ಟೆವು. "ಹಿಂದ ಬೈದ್ರ ಅದು ಚಾಡಿ ಆಗ್ತದ, ಅಳಿಯಾ. ನನಗ ಚಾಡಿ ಹೇಳಾಕ ಬರಂಗಿಲ್ಲ" ಎನ್ನುತ್ತಾರೆ ಮಾವ. ಬರುತ್ತಿದ್ದರೆ ಎಷ್ಟು ಜನ ಸುಖವಾಗಿರುತ್ತಿದ್ದರು!

ಪಂಚವಟಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯ ಸೇಠರೊಬ್ಬರಿದ್ದಾರೆ, ಹುಮನಾಬಾದದವರು. ಪ್ರತಿ ಸೋಮವಾರ ಸಂಜೆ ನಾಲ್ಕು ಜನರನ್ನು ಕೂಡಿಸಿಕೊಂಡು ವಚನ ಹಾಡುತ್ತಾರೆ. ಮಾವ ಒಮ್ಮೆ ಕೇಳಿದರು, ಬರೆದರು, ಮರುದಿನ ಅಂಗಡಿಗೇ ಹೋಗಿ ಮೊಳೆಯ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಓದಿದರು: 'ಗಾಯಕರು ದೇವರನ್ನು ಕರೆಯುವ ರೀತಿ ಗೋದಾಮಿನ ಹಮಾಲನನ್ನು ಕರೆದಂತೆ ಕೇಳಿಸುತ್ತದೆ.' ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸೇಠರ ಮುಖ ಕೆಂಪಾಯಿತು. ನಾನು ಹೊರಗೆ ಸ್ಕೂಟರು ಚಾಲೂ ಇಟ್ಟುಕೊಂಡೇ ನಿಂತಿದ್ದೆ.

"ಸಂಪಾದಕ್ರ," ಎಂದರು ಸೇಠರು ಕೊನೆಗೆ, "ಚಹಾ ಕುಡದು ಬೈರಿ, ಇಲ್ಲಾಂದ್ರ ಬೈದು ಚಹಾ ಕುಡೀರಿ. ಎರಡೂ ಕೂಡೇ ಮಾಡಿದ್ರ ಗಂಟಲಾಗ ಸಿಗ್ತದ."

"ಬೈಯೂದು ಮುಗೀತ್ರಿ."

"ಹಂಗಾದ್ರ ಚಹಾ ತರಸ್ತೀನಿ. ಆದ್ರ ಒಂದು ಮಾತು ಬರಕೋರಿ. ನಮ್ಮ ಹಮಾಲ ನಾ ಕರದ್ರ ಒಂದಾ ಕೂಗಿಗೆ ಓಡಿ ಬರ್ತಾನ. ದೇವ್ರು ಇಷ್ಟು ವರ್ಷದಾಗ ಒಮ್ಮಿಯೂ ಬಂದಿಲ್ಲ. ತಪ್ಪು ಯಾರದು?"

ಮಾವ ಅದನ್ನು ಬರೆದುಕೊಂಡರು, ಅಚ್ಚು ಹಾಕಿದರು. ಸೇಠರು ಆ ಸಂಚಿಕೆಯ ಹತ್ತು ಪ್ರತಿ ಕೊಂಡು ಬಂಧುಗಳಿಗೆಲ್ಲ ಹಂಚಿದರು. ಬೈಸಿಕೊಂಡವರೇ ಹೆಚ್ಚು ಪ್ರತಿ ಕೊಳ್ಳುತ್ತಾರೆ ಎಂಬ ವ್ಯಾಪಾರದ ಗುಟ್ಟು ಹೊರಗಿನ ದೊಡ್ಡ ಪತ್ರಿಕೆಗಳಿಗೆ ಇನ್ನೂ ಗೊತ್ತಾದಂತಿಲ್ಲ.

ಇನ್ನೊಮ್ಮೆ ಗಂಗಾಪುರ ರಸ್ತೆಯಲ್ಲಿ ಹನ್ನೆರಡು ಮಹಡಿಯ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವ ಯಾದಗಿರಿ ಕಡೆಯವರು ತಗಡಿನ ಶೆಡ್ಡುಗಳ ನಡುವೆ ಒಂದು ಭಾನುವಾರ ಬಯಲಾಟ ಆಡಿದರು. ಅರಸನ ಪಾತ್ರ ಮಾಡಿದವನು ಕಾಂಕ್ರೀಟು ಕೆಲಸದವನು. ಮಾವ ಬರೆದದ್ದು: 'ಅರಸನು ಕಿರೀಟವನ್ನು ಸಿಮೆಂಟಿನ ಚೀಲವೆಂಬಂತೆ ಹೊತ್ತು ನಡೆದನು.' ಓದಲು ಹೋದೆವು. ಆತ ಊಟದ ಬಿಡುವಿನಲ್ಲಿ ಇಟ್ಟಿಗೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಸುತ್ತಲೂ ಸಲಿಕೆ, ಹಾರೆ! ಗೇಟಿಗೆ ಎಷ್ಟು ಹೆಜ್ಜೆ ಎಂದು ನಾನು ಎಣಿಸಿಟ್ಟುಕೊಂಡೆ.

ಆತ ಪೂರ್ತಿ ಕೇಳಿದ. ರೊಟ್ಟಿ ಕೆಳಗಿಟ್ಟ. "ಇನ್ನೊಮ್ಮಿ ಓದ್ರಿ ಸಾಹೇಬ್ರ" ಎಂದ. ಮಾವ ಓದಿದರು. "ಇನ್ನೊಮ್ಮಿ." ಮೂರನೆಯ ಸಲ ಓದುವಷ್ಟರಲ್ಲಿ ಇಡೀ ಕಟ್ಟಡ ಊಟ ಬಿಟ್ಟು ಸುತ್ತ ನೆರೆದಿತ್ತು.

"ಖರೇ ಬರದೀರಿ," ಎಂದ ಆತ. "ಹಗಲೆಲ್ಲಾ ತಲಿಮ್ಯಾಲ ಹೊರತೀನ್ರಿ. ಆಟಕ್ಕ ಬರೂಮುಂದ ಇಳಸೂದು ಮರತಬಿಡ್ತದ."

ಮಾವ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಆ ಸಂಚಿಕೆಯಲ್ಲಿ ತಮ್ಮ ವಿಮರ್ಶೆಯನ್ನು ಸಣ್ಣ ಅಕ್ಷರದಲ್ಲಿಯೂ ಆತನ ಮಾತನ್ನು ದೊಡ್ಡ ಅಕ್ಷರದಲ್ಲಿಯೂ ಹಾಕಿಸಿದರು.

ಮನೆಯವರಿಗೇನಾದರೂ ವಿನಾಯಿತಿ ಇತ್ತೇ? ಛೆ! ನನ್ನ ಮದುವೆಯಾದ ನಾಲ್ಕನೆಯ ದಿನ ನನ್ನನ್ನೂ ನನ್ನ ಹೆಂಡತಿಯನ್ನೂ ಎದುರಿಗೆ ಕೂಡಿಸಿಕೊಂಡು ಓದಿದರು: 'ವರನು ತಾಳಿ ಕಟ್ಟಿದ ಮೇಲೆ ಗಂಟು ಬಿಚ್ಚೀತೆಂಬ ಶಂಕೆಯಿಂದ ಮೂರು ಸಲ ಎಳೆದು ನೋಡಿದನು.' ಹೆಂಡತಿ ಅಂದು ನಕ್ಕವಳು ಇನ್ನೂ ನಿಲ್ಲಿಸಿಲ್ಲ. ನನ್ನ ಮಗಳಿಗೆ ಕನ್ನಡ ಕಿವಿಯೊಳಗೆ ಹೋಗುತ್ತದೆ, ಬಾಯಿಯಿಂದ ಹೊರಗೆ ಬರುವಾಗ ಮರಾಠಿಯಾಗಿರುತ್ತದೆ. ಅವಳ ಶಾಲೆಯ ನೃತ್ಯವನ್ನು ಮಾವ ಕನ್ನಡದಲ್ಲಿ ವಿಮರ್ಶಿಸಿದರು, ಅವಳು ಮರಾಠಿಯಲ್ಲಿ ಅತ್ತಳು. ಅತ್ತೆಯ ಹುಳಿಬ್ಯಾಳಿಯ ಮೇಲೆ ಅರ್ಧ ಪುಟ ಬರೆದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಓದಿದಾಗ ಮಾತ್ರ ಅತ್ತೆ ತಿರುಗಿಯೂ ನೋಡದೆ, "ಭಾಳ ಛಂದ ಬರದೀರಿ. ಮುಂದಿನ ಸಂಚಿಕಿ ನೀವಾ ಕುದಸ್ರಿ" ಎಂದರು. ಆ ವಿಮರ್ಶೆ ಬೆಳಕು ಕಾಣಲಿಲ್ಲ.

ಇಂಥ ಮಾವನ ಪತ್ರಿಕೆಗೆ ಈ ವರ್ಷ ನೂರನೆಯ ಸಂಚಿಕೆಯ ಸಂಭ್ರಮ. ಲೇಖನಗಳು ಬಂದಿದ್ದವು. ಪುಟಗಳು ಸಿದ್ಧವಾಗಿದ್ದವು. ಪ್ರೆಸ್ಸಿನವರು ದಿನಾ ಫೋನು ಮಾಡುತ್ತಿದ್ದರು. ಮಾವ ಮಾತ್ರ ಅಚ್ಚಿಗೆ ಬಿಡಲೊಲ್ಲರು! ಒಂದು ವಾರ ಆಯಿತು, ಎರಡಾಯಿತು, ಒಂದು ತಿಂಗಳಾಯಿತು. ಮಾತು ಕಡಿಮೆಯಾಯಿತು. ಊಟದಲ್ಲಿ ಉಪ್ಪು ಹೆಚ್ಚಾದರೂ ಏನೂ ಅನ್ನಲಿಲ್ಲ. ಅತ್ತೆಗೆ ಗಾಬರಿಯಾದದ್ದು ಆಗ.

"ಅಳಿಯಾ, ನಿನ್ನಿ ಬೇಕಂತ್ಲೇ ಎರಡು ಮುಟಗಿ ಉಪ್ಪು ಹಾಕಿದ್ದೆ," ಎಂದರು ಅತ್ತೆ ನನ್ನನ್ನು ಕರೆಸಿ. "ಸುಮ್ನ ಉಂಡು ಎದ್ದು ಹೋದ್ರು. ನನ್ನ ಜೀವಾ ಹಾರಿಹೋತು ನೋಡು. ನೀನಾ ಕೇಳು."

ಕೇಳಿದೆ. ಮಾವ ಕಪಾಟಿನ ಮುಂದೆ ಕುಳಿತಿದ್ದರು. "ತೊಂಬತ್ತೊಂಬತ್ತರೊಳಗ ಒಂದು ಸುಳ್ಳದ, ಅಳಿಯಾ" ಎಂದರು. "ಎಲ್ಲಾ ಎದುರಿಗೆ ಓದೀವಿ ಅಂತ ಎರಡನೇ ಪುಟದಾಗ ಹಾಕೋತ ಬಂದೀನಿ. ಒಂದು ಓದಿಲ್ಲ."

ಆ ಒಂದರ ಕಥೆ ನಮಗೆ ಅರೆಬರೆ ಗೊತ್ತಿತ್ತು. ಪತ್ರಿಕೆಯನ್ನು ಮಾವ ಒಬ್ಬರೇ ಆರಂಭಿಸಿದ್ದಲ್ಲ. ಜೊತೆಗೆ ಒಬ್ಬ ಗೆಳೆಯರಿದ್ದರು, ಶಾಲೆಯ ಮಾಸ್ತರರು, ಮಾವನ ಊರಿನವರೇ. ಇಬ್ಬರೂ ನೆಲದ ಮೇಲೆ ಕುಳಿತು ಪ್ರತಿಗಳಿಗೆ ಅಂಚೆಚೀಟಿ ಅಂಟಿಸುತ್ತಿದ್ದರು; ಮಾವ ಅಂಟು ಹಚ್ಚುವುದು, ಮಾಸ್ತರರು ಒತ್ತುವುದು. ಮಾಸ್ತರರು ನಾಟಕ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರ ಹೊಸ ನಾಟಕ ನಾಸಿಕದಲ್ಲಿ ಆಯಿತು. ಮಾವ ಅದರ ಬಗ್ಗೆ ಎರಡು ಪುಟ ಬರೆದರು. ಅಷ್ಟರಲ್ಲಿ ಮಾಸ್ತರರಿಗೆ ಸಂಭಾಜಿನಗರಕ್ಕೆ ವರ್ಗವಾಗಿ, ಸಾಮಾನು ಕಟ್ಟಿಕೊಂಡು ಹೊರಟುಹೋದರು. ವಿಮರ್ಶೆ ಅವರ ಎದುರು ಓದದೆಯೇ ಅಚ್ಚಾಯಿತು. ಮಾಸ್ತರರು ಅದನ್ನು ಹೊಸ ಊರಿನಲ್ಲಿ ಅಂಚೆಯಲ್ಲಿ ಬಂದ ಪ್ರತಿಯಲ್ಲಿ ಓದಿದರು. ಆಮೇಲೆ ಅವರು ನಾಟಕ ಬರೆಯಲಿಲ್ಲ. ಮಾವನಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಮಾವ ಮಾತ್ರ ಪ್ರತಿ ಸಂಚಿಕೆಯನ್ನೂ ತಪ್ಪದೆ ಅವರಿಗೆ ಕಳಿಸುತ್ತ ಬಂದರು. ಯಾವುದೂ ಹಿಂದಿರುಗಿ ಬಂದಿರಲಿಲ್ಲ, ಮುಟ್ಟಿತೆಂಬ ಸುದ್ದಿಯೂ ಇಲ್ಲ.

"ಗಡಬಡಿ ಒಳಗ ಓದಾಕ ಆಗಲಿಲ್ಲ, ಅಷ್ಟಾ ಅಲ್ರಿ ಮಾಮಾ?" ಎಂದೆ.

"ನಾಕು ತಾಸಿನ ದಾರಿ. ಹೋಗಿ ಓದಬಹುದಿತ್ತು" ಎಂದರು ಮಾವ. "ಹೆದರಿದ್ದೆ."

ಹೆದರುವುದು ನನ್ನ ಇಲಾಖೆ. ಮಾವ ಅದರೊಳಗೆ ಯಾವಾಗ ಕಾಲಿಟ್ಟರೋ! ಕೊನೆಗೆ ಅತ್ತೆಯೇ ಬಾಗಿಲಿಂದ ತೀರ್ಪು ಕೊಟ್ಟರು: "ಐತವಾರ ಕಾರು ತೊಗೊಂಡು ಬಾ. ಹೋಗಿ ಓದಿ ಬರ್ರಿ. ಹೊಡದ್ರ ಇಬ್ಬರೂ ಕೂಡಿ ತಿನ್ರಿ."

ಭಾನುವಾರ ಹೊರಟೆವು. ಮಾವನ ತೊಡೆಯ ಮೇಲೆ ಆ ಹಳೆಯ ಸಂಚಿಕೆಯ ಪ್ರತಿ, ಕಪಾಟಿನೊಳಗಿನ ಕಡತದಿಂದ ತೆಗೆದದ್ದು. ನಮ್ಮಲ್ಲಿ ಅದರ ಬೇರೆ ಪ್ರತಿ ಉಳಿದಿರಲಿಲ್ಲ. ನಿಫಾಡ ದಾಟುವವರೆಗೆ ಮಾವ ಹುರುಪಿನಲ್ಲೇ ಇದ್ದರು. ಮುಂದೆ ಹೋಗುವ ಲಾರಿಯ ಹಿಂದಿನ ಬರಹವನ್ನೆಲ್ಲ ವಿಮರ್ಶಿಸಿದರು. ಒಬ್ಬ ಚಾಲಕನನ್ನು ಧಾಬಾದಲ್ಲಿ ಹಿಡಿದು ಓದಿಯೂ ಬರುತ್ತಿದ್ದರು; ನಾನು ಗೇರು ಬದಲಿಸಿ ಮುಂದೆ ಹೋಗಿಬಿಟ್ಟೆ. ಯೇವಲೆ ದಾಟಿದ ಮೇಲೆ ಮಾತು ನಿಂತಿತು. ವೈಜಾಪುರದಲ್ಲಿ ಚಹಾಕ್ಕೆ ಇಳಿದಾಗ, "ಅವಂಗ ಇವತ್ತು ಆರಾಮ ಇರಲಿಕ್ಕಿಲ್ಲ ಅಳಿಯಾ, ಇನ್ನೊಮ್ಮಿ ಬರೂಣು" ಎಂದರು.

"ಅವರ ಮನಿಯವರಿಗೆ ಫೋನ್ ಮಾಡಿ ಕೇಳೀನ್ರಿ, ಆರಾಮ ಇದ್ದಾರಂತ."

"ಫೋನಿನ್ಯಾಗ ಎಲ್ಲಾರೂ ಆರಾಮ ಅಂತಾರ."

"ಮಾಮಾ, ಹೆದರಬ್ಯಾಡ್ರಿ" ಎಂದೆ. ಐವತ್ತು ವರ್ಷದ ಬದುಕಿನಲ್ಲಿ ಈ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಹೇಳಿ, ನಾನೇ ಇನ್ನೊಂದು ಚಹಾ ತರಿಸಿ ಕುಡಿದೆ.

ಎರಡನೆಯ ಮಹಡಿಯ ಮನೆ. ಬಾಗಿಲು ತೆರೆದವರು ಮಾಸ್ತರರ ಹೆಂಡತಿ. ಮಾವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬರ್ರಿ ಭಾವೂಜಿ. ದಾರಿ ಹುಡುಕಾಕ ಇಪ್ಪತ್ತೆರಡು ವರ್ಷ ಬೇಕಾತೇನು?" ಎಂದರು. ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ. ನೀರಿನ ತಂಬಿಗೆ ಇತ್ತು.

"ವೈನಿ, ಅವಾ..."

"ಒಳಗಿದ್ದಾರ. ಸಕ್ಕರಿ ಬ್ಯಾನಿ ಕಣ್ಣಿಗೆ ಇಳದದ. ಬೆಳಕು ಕತ್ತಲಿ ಅಷ್ಟಾ ಗೊತ್ತಾಗ್ತದ. ನಿಮ್ಮ ಪತ್ರಿಕಿ ಬಂದಾಗೊಮ್ಮಿ ನಾನಾ ಓದಿ ಹೇಳ್ತೀನಿ."

ಮಾವ ನನ್ನ ಮುಖ ನೋಡಿದರು. ಇದು ನನ್ನ ಹೆದರಿಕೆಗಳ ಪಟ್ಟಿಯಲ್ಲಿರಲಿಲ್ಲ.

ಮಾಸ್ತರರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು, ಇನ್ನೂ ಹಾಜರಿ ಹಾಕುವವರಂತೆ. "ಯಾರು?" ಎಂದರು.

"ನಾ."

"ನಾ ಅಂದ್ರ?"

"ಸಂಪಾದಕ."

ಮಾಸ್ತರರು ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಯಾಕೋ, ನನ್ನ ಚಂದಾ ಮುಗೀತೇನು?" ಎಂದರು.

ಮಾವನಿಗೆ ನಗಲೂ ಆಗಲಿಲ್ಲ. ನಿಂತಲ್ಲೇ, "ಒಂದು ಓದೂದು ಉಳದಿತ್ತು. ಓದಾಕ ಬಂದೀನಿ. ಬ್ಯಾಡಂದ್ರ ಹೊಂಟ ಹೋಗ್ತೀನಿ" ಎಂದರು.

"ಓದು. ನಾ ಏನು ಓಡಿ ಹೋಗಾಂವ ಇದ್ದೀನಿ?"

ಮಾವ ಎದುರು ಕುಳಿತು ಸಂಚಿಕೆ ತೆರೆದರು. ನಾನು ಪಕ್ಕದಲ್ಲಿದ್ದೆ, ಪುಟ ನನಗೂ ಕಾಣುತ್ತಿತ್ತು. ಮಾವ ಒಂದು ಅಕ್ಷರವನ್ನೂ ಬಿಡದೆ ಓದತೊಡಗಿದರು. 'ನಾಯಕ ಮೊದಲನೆಯ ಅಂಕದಲ್ಲಿ ಸಾಯಬೇಕಿತ್ತು. ಹಾಗಾಗಿದ್ದರೆ ಪ್ರೇಕ್ಷಕರು ಬದುಕುತ್ತಿದ್ದರು.' ಮಾಸ್ತರರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. 'ಇಡೀ ನಾಟಕದಲ್ಲಿ ತನ್ನ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮಾಡಿದ್ದು ಪರದೆಯೊಂದೇ.' ಮಾಸ್ತರರ ತುಟಿಯ ಅಂಚು ಸ್ವಲ್ಪ ಅಲುಗಿತು. "ಪರದಿ ಎಳದಾಂವ ನೀನಾ ಇದ್ದೆಲ್ಲಲೇ" ಎಂದರು. ಮಾವ ಪೆನ್ನು ತೆಗೆದು ಅದನ್ನು ಅಂಚಿನಲ್ಲಿ ಬರೆದುಕೊಂಡು ಮುಂದೆ ಓದಿದರು.

ಕೊನೆಯ ವಾಕ್ಯ ಬಂತು. ನನಗೆ ಅದು ಮುಂಚೆಯೇ ಕಾಣಿಸಿತ್ತು. ಪುಟದಲ್ಲಿ ಇದ್ದದ್ದು ಇಷ್ಟು: 'ಇವರು ಇನ್ನು ಬರೆಯದಿದ್ದರೂ ಕನ್ನಡ ರಂಗಭೂಮಿ ನೆಮ್ಮದಿಯಿಂದ ಇರಬಲ್ಲದು.'

ಮಾವ ಪುಟದ ಮೇಲೆ ಬೆರಳಿಟ್ಟು ಓದಿದ್ದು ಹೀಗೆ: "ಇವರ ಮುಂದಿನ ನಾಟಕಕ್ಕೆ ನಾನು ಮೊದಲನೆಯ ಸಾಲಿನಲ್ಲಿ ಕಾಯುತ್ತಿರುತ್ತೇನೆ."

ಓದಿ ಸಂಚಿಕೆ ಮುಚ್ಚಿದರು.

ಕೆಳಗೆ ಯಾರೋ ರಿಕ್ಷಾದವನೊಡನೆ ಜಗಳವಾಡುವುದು ಕೇಳಿಸುತ್ತಿತ್ತು. ಮಾಸ್ತರರು ಕತ್ತು ಓರೆ ಮಾಡಿ, "ಅಲ್ಲಿ ಹಂಗ ಇಲ್ಲ" ಎಂದರು. ಆಮೇಲೆ ಪುಟದ ಮೇಲಿನ ವಾಕ್ಯವನ್ನು ಇದ್ದಂತೆಯೇ, ಪಾಠ ಒಪ್ಪಿಸಿದಂತೆ, ಹೇಳಿ ಮುಗಿಸಿದರು. ಇಪ್ಪತ್ತೆರಡು ವರ್ಷ ಅದನ್ನು ಅವರು ಎಷ್ಟು ಸಲ ಹೇಳಿಕೊಂಡಿರಬೇಕು!

"ಅದು ಅಚ್ಚಿನ ತಪ್ಪು" ಎಂದರು ಮಾವ.

"ಇಡೀ ಒಂದು ವಾಕ್ಯನಾ?"

"ಹೂಂ."

"ಅಚ್ಚಿನ ತಪ್ಪಾದ್ರ ಮುಂದಿನ ಸಂಚಿಕಿದಾಗ ತಿದ್ದುಪಡಿ ಹಾಕತಾರ. ಒಂದೂ ಬಿಡದಂಗ ಕೇಳೀನಿ. ಎಲ್ಲಿ ಹಾಕೀದಿ?"

ಮಾವ ಸಂಚಿಕೆಯನ್ನು ಇನ್ನೊಮ್ಮೆ ತೆರೆದು ಮುಚ್ಚಿದರು. "ತಿದ್ದುಪಡಿನೂ ಎದುರಿಗಾ ಓದಬೇಕಲ್ಲೋ. ಅದಕ್ಕಾ ಬಂದೀನಿ."

ಮಾಸ್ತರರು ಕೈ ಚಾಚಿದರು. ಗಾಳಿಯಲ್ಲಿ ಒಂದೆರಡು ಸಲ ಹುಡುಕಾಡಿದ ಮೇಲೆ ಮಾವನ ಮೊಣಕಾಲು ಸಿಕ್ಕಿತು. ಅದರ ಮೇಲೆ ಎರಡು ಏಟು ಜೋರಾಗಿ ಬಡಿದರು. "ಮೊದಲನೇ ಸಾಲಿನ್ಯಾಗ ಕೂಡಾಂವ ಉಪವಾಸ ಕೂಡಬಾರದು" ಎಂದರು. "ಏ, ಇವರಿಗೆ ತಾಟು ಹಾಕು. ಆಮ್ಯಾಲ ಒಂದು ನೋಟಬುಕ್ ತೊಗೊಂಡು ಬಾ. ನಾ ಹೇಳ್ತೀನಿ, ನೀ ಬರಕೊಳಾಕಿ. ಇವನ ಕಡಿಂದ ಬರಸಂಗಿಲ್ಲ, ಅಚ್ಚಿನ ತಪ್ಪು ಭಾಳ ಮಾಡ್ತಾನ."

ಎರಡು ತಾಸಿಗೆಂದು ಹೋದವರು ಹೊರಟಾಗ ಸಂಜೆಯಾಗಿತ್ತು. ಮೊದಲನೆಯ ಅಂಕದ ಒಂದೂವರೆ ಪುಟವನ್ನು ಮಾವ ಕೇಳಿಯಾಗಿತ್ತು. ಅದರ ಬಗ್ಗೆ ಇಬ್ಬರಿಗೂ ಜಗಳವೂ ಆಗಿತ್ತು. ನಾನು ಕಾರು ಓಡಿಸುತ್ತ ನನ್ನ ಪಟ್ಟಿಯನ್ನು ಒಂದೊಂದಾಗಿ ಹೊಡೆದುಹಾಕಿದೆ. ಟೈರು ನೆಟ್ಟಗಿತ್ತು. ಗುಳಿಗೆ ಒಂದೇ ನುಂಗಿದ್ದರು. ಬೆರಳು ಹತ್ತೂ ಇದ್ದವು. ಯೇವಲೆಯ ಹತ್ತಿರ ಮಾವನ ತೊಡೆಯ ಮೇಲೆ ಕಣ್ಣು ಬಿತ್ತು, ನಾನು ಬ್ರೇಕು ಒತ್ತಿಬಿಟ್ಟೆ. ಕಡತದ ಆ ಒಂದೇ ಪ್ರತಿ, ಮನೆಯವರಿಗೂ ಹೊರಗೆ ಒಯ್ಯಲು ಬಿಡದ ಪ್ರತಿ, ಇರಲಿಲ್ಲ!

"ಮಾಮಾ, ಸಂಚಿಕಿ ಅಲ್ಲೇ ಉಳೀತು! ಕಾರು ತಿರಗಸಲ್ಯಾ?"

ಮಾವ ಕಿಟಕಿಯಾಚೆ ನೋಡುತ್ತಿದ್ದರು. "ಇರಲಿ ಬಿಡು," ಎಂದರು. "ಮುಂದಿನ ಐತವಾರ ಹೋಗಿ ತರೂಣು."